ಗುರುವಾರದ ವಜೀಫಾ

ಸರಸಂಬಾ, ತಾ. ಆಳಂದ
೧೬ ಜೂನ್ ೨೦೨೫

ಭಾಗ್ಯಜ್ಯೋತಿ ಮೇಡಂರಿಗೆ, ಸರಸಂಬಾದ ರಾಜೇಸಾಬ ಬರಿಯೂದು.

ಆರಾಮ ಇದ್ದೀರೇನು ಅಂತ ಕೇಳಂಗಿಲ್ಲ. ಪೇಪರಿನ್ಯಾಗ ನೋಡೇನಿ, ಆರಾಮ ಇದ್ದೀರಿ.

ನಿನ್ನೆ ಆಳಂದ ಬಸ್‌ಸ್ಟ್ಯಾಂಡಿನ್ಯಾಗ ಚಾ ಕುಡ್ಯಾಕತ್ತಿದ್ದೆ. ಬಾಜೂಕ ಕುಂತಾಂವ ಪೇಪರ್ ತೆರದು ಹಿಡದಿದ್ದ. ಹಿಂದಿನ ಪುಟದಾಗ ನೀವು. ಹೆಗಲಮ್ಯಾಲ ಶಾಲು, ಕೈಯಾಗ ಫಲಕ. ಅಫಜಲಪುರದ ಭೀಮಾತೀರ ವಿಜ್ಞಾನ ಪ್ರತಿಷ್ಠಾನದವರು ನಿಮಗ ಈ ವರ್ಷದ ವಿಜ್ಞಾನ ಶಿಕ್ಷಕಿ ಪ್ರಶಸ್ತಿ ಕೊಟ್ಟಾರ ಅಂತ ಕೆಳಗ ಬರದಿತ್ತು. ಖುಷಿ ಆಯ್ತು ಅಂತ ಬರೀಬೇಕು. ಬರದೇನಿ.

ಈಗ ಹೇಳ್ರಿ, ನಿಮ್ಮ ಬಾಜೂಕ ನಿಂತ ಹುಡುಗಿ ಯಾರು? ಬಾಲ ವಿಜ್ಞಾನಿ ಸ್ಕಾಲರಶಿಪ್ ಆಕೆಗೆ ಅಂತ ಬರದಾರ. ಆಕೆ ಕೈಯಾಗ ಇದ್ದ ಬಾಟ್ಲಿ ನನ್ನ ಮನಿಯವು. ಬಾಯಿಗೆ ಕಟ್ಟಿದ ಅರಬಿ ನನ್ನ ಹಳೇ ಲುಂಗಿದು. ಬರೇ ಚೌಕಡಿ ಕಂಡ್ರೂ ನನ್ನ ಲುಂಗಿ ನನಗ ಗೊತ್ತಾಗಂಗಿಲ್ಲೇನು? ಪೇಪರ್ ಕಸಗೊಂಡು ನೋಡಿದೆ. ಅಂವ ಬೈದ. ನಾನೂ ಬೈದೆ.

ಮೇಡಂ, ಆ ಬಾಟ್ಲಿ ವರ್ಷಗಟ್ಲೆ ನಮ್ಮ ಪಡಸಾಲಿದಾಗ ನಿಂತಿದ್ದವು. ನೀವೇ ಹೇಳಿಕೊಟ್ರಿ, ನನ್ನ ಮೊಮ್ಮಗಳು ನಸ್ರೀನ ಮಾಡಿದ್ಲು. ಎಲ್ಲಾದ್ರಾಗೂ ತೊಗರಿ. ಒಂದಕ್ಕ ಕೆಮ್ಮಣ್ಣು ಕಟ್ಟಿದ್ಲು, ಒಂದಕ್ಕ ಬೂದಿ ಕಲಸಿದ್ಲು, ಒಂದ್ರಾಗ ಬೇವಿನೆಲಿ, ಒಂದ್ರಾಗ ಏನೂ ಇಲ್ಲ. ಯಾವ ತೊಗರಿಗೆ ಹುಳ ಕಡಿಮಿ ಹತ್ತತದ ಅಂತ ನೋಡೂದು. ಹುಳ ಹೊರಗ ಬಂದು ಹಿಟ್ಟಿನ ಡಬ್ಬಿದಾಗ ಬಿದ್ದು ನನ್ನ ಹೇಣತಿ ಕರೀಮುನ್ನಿಸಾ ಎಷ್ಟು ಒದರಾಡಿದ್ಲು ನಿಮಗೂ ಗೊತ್ತದ. ದೀಪಾವಳಿ ಆದಮ್ಯಾಲ ನಿಮಗ ಜೇವರ್ಗಿಗೆ ವರ್ಗ ಆಯ್ತು. ಬಾಟ್ಲಿ ರಟ್ಟಿನ ಡಬ್ಬಿದಾಗ ಹಾಕ್ಕೊಂಡು ಹೋದ್ರಿ. ಪ್ರತಿಷ್ಠಾನದವರಿಗೆ ತೋರಸ್ತೇನಿ, ಹೆಸರು ಬಂದ್ರ ತಿಳಸ್ತೇನಿ ಅಂದ್ರಿ. ನಾವು ಹಾದಿ ಕಾದಿವಿ. ಸುದ್ದಿ ಇಲ್ಲ.

ನಸ್ರೀನ ಅಪ್ಪ, ನನ್ನ ಮಗ ಜಹೀರುದ್ದೀನ ಸೊಲ್ಲಾಪುರದಾಗ ಟಾವೆಲ್ ಮಗ್ಗದ ಮ್ಯಾಲ ಇರ್ತಾನ. ಅಂವ ಒಂದೇ ಮಾತು ಹೇಳ್ಯಾನ. ಸ್ಕಾಲರಶಿಪ್ ಬಂದ್ರ ಕಲಬುರಗಿದಾಗ ಹಾಸ್ಟೆಲಿಗೆ ಇಟ್ಟು ಸೈನ್ಸ್. ಬರದಿದ್ರ ಆಳಂದದಾಗ ಆರ್ಟ್ಸ್, ಮಧ್ಯಾಹ್ನ ಮನಿಗೆ. ಕಾಲೇಜು ತೆರದಾವ. ಹುಡುಗಿ ಬಾಗಲದಾಗ ಕುಂತಾಳ.

ಫೋನ್ ಯಾಕ ಮಾಡ್ಲಿಲ್ಲ ಅಂತೀರಿ. ಫೋನಿನ್ಯಾಗ ನಾ ಒದರತೇನಿ, ನೀವು ಇಟ್ಟುಬಿಡ್ತೀರಿ. ಕಾಗದ ಹಂಗಲ್ಲ, ಕೊನಿ ತನಕ ಓದಬೇಕು. ನಾ ನಾಲ್ಕನೇ ಇಯತ್ತೆ ಬಿಟ್ಟಾಂವ, ಅಕ್ಷರ ಸೊಟ್ಟ ಅವ, ಓದ್ಕೋರಿ. ಜವಾಬು ಬೇಕು.

ರಾಜೇಸಾಬ


ಜೇವರ್ಗಿ
೨೫ ಜೂನ್ ೨೦೨೫

ಪೂಜ್ಯ ರಾಜೇಸಾಬ ಕಾಕಾ ಅವರಿಗೆ ಶರಣು.

ನಿಮ್ಮ ಪತ್ರ ಶಾಲೆಯ ವಿಳಾಸಕ್ಕೆ ಬಂತು. ಎಲ್ಲರ ಮುಂದೆ ಒಡೆದೆ, ಒಡೆಯಬಾರದಿತ್ತು.

ಸುದ್ದಿ ಕೊಡಲಿಲ್ಲ ಅಂತ ಬರೆದಿದ್ದೀರಿ. ಆ ಮಾತು ಸರಿಯಲ್ಲ. ನಸ್ರೀನಳ ಹೆಸರು ಪಟ್ಟಿಯಲ್ಲಿ ಮೊದಲೇ ಇತ್ತು. ಅರ್ಜಿಯಲ್ಲಿ ನನ್ನ ನಂಬರ್ ಕೊಟ್ಟಿದ್ದರಿಂದ ಸುದ್ದಿ ನನಗೆ ಬಂತು. ಅವತ್ತೇ ನಿಮ್ಮ ಮನೆಗೆ ಫೋನ್ ಮಾಡಿದೆ. ನೀವು ಅಡತಿ ಅಂಗಡಿಗೆ ತೊಗರಿ ತೂಗಲಿಕ್ಕೆ ಹೋಗಿದ್ದಿರಿ, ನಸ್ರೀನ ನೀರಿಗೆ ಹೋಗಿದ್ದಳು, ಕರೀಮುನ್ನಿಸಾ ಚಾಚಿ ಎತ್ತಿದರು. ಎಲ್ಲ ಬಿಡಿಸಿ ಹೇಳಿದೆ. ಯಾವತ್ತು, ಎಲ್ಲಿಗೆ, ಎಷ್ಟು ಹೊತ್ತಿಗೆ ಕರೆದುಕೊಂಡು ಬರಬೇಕು ಅಂತ ಹೇಳಿ, ತಪ್ಪಿಸಬೇಡಿ ಅಂತಲೂ ಅಂದೆ. ಚಾಚಿ ಬಹಳ ಸಂತೋಷಪಟ್ಟರು. "ಜರೂರ್ ಬೇಟಿ, ಅಲ್ಲಾ ನಿನ್ನ ಛಲೋ ಇಟ್ಟಿರಲಿ" ಅಂದರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಏಪ್ರಿಲ್ ೨೪, ಗುರುವಾರ ಸಂದರ್ಶನ ಇತ್ತು. ಅಫಜಲಪುರದ ಸಭಾಭವನದ ಬಾಗಿಲಲ್ಲಿ ನಿಂತು ದಾರಿ ನೋಡಿದೆ. ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ. ಹೆಸರು ಕೂಗಿದರು. ಉತ್ತರ ಇಲ್ಲದಾಗ ಮುಂದಿನ ಹೆಸರಿನ ಹುಡುಗಿ ಸೃಷ್ಟಿಯನ್ನು ಕರೆದರು. ಮೊನ್ನೆ ಪ್ರಶಸ್ತಿ ಕೊಡುವಾಗ ಬಾಟ್ಲಿಗಳು ಮೇಜಿನ ಮೇಲಿದ್ದವು. ಫೋಟೋ ತೆಗೆಯುವವರು ಕೈಗೆ ಸಿಕ್ಕಿದ್ದನ್ನು ಕೊಟ್ಟು ನಿಲ್ಲಿಸುತ್ತಾರೆ ಅನ್ನೋದು ನಿಮಗೂ ಗೊತ್ತು.

ಕಾಕಾ, ಒಂದು ಮಾತು ತಪ್ಪು ತಿಳಿಯಬೇಡಿ. ಹೆಣ್ಣುಮಕ್ಕಳನ್ನು ಹಾಸ್ಟೆಲ್ಲಿಗೆ ಕಳಿಸಲಿಕ್ಕೆ ನಿಮ್ಮಂಥ ಮನೆಗಳಲ್ಲಿ ಮನಸ್ಸು ಬರೋದಿಲ್ಲ ಅಂತ ಬಲ್ಲೆ. ನೀವು ಬಾರದಿದ್ದಾಗ ಅದೇ ನಿಮ್ಮ ಉತ್ತರ ಅಂದುಕೊಂಡೆ. ಒತ್ತಾಯ ಮಾಡಿ ನಿಮ್ಮನ್ನು ನಾಚಿಸೋದು ಬೇಡ ಅಂತ ಮತ್ತೆ ಫೋನ್ ಮಾಡಲಿಲ್ಲ.

ನಸ್ರೀನಳಿಗೆ ಆಶೀರ್ವಾದ.

ಭಾಗ್ಯಜ್ಯೋತಿ


ಸರಸಂಬಾ
೩೦ ಜೂನ್ ೨೦೨೫

ಮೇಡಂ,

ನಿಮ್ಮಂಥ ಮನೆಗಳು ಅಂತ ಬರದೀರಿ. ಎಂಥಾ ಮನಿ ನಮ್ಮದು? ನೀವು ಸರಸಂಬಾದಾಗ ಇದ್ದಾಗ ನಮ್ಮ ಮನ್ಯಾಗ ಕುಂತು ರೊಟ್ಟಿ ಪುಂಡಿಪಲ್ಯ ತಿಂದೀರಿ. ಆಗ ಯಾಕ ಅನ್ಲಿಲ್ಲ? ನನ್ನ ಮಗಳು ಜೀನತಗ ಹತ್ತನೇ ತನಕ ಓದಿಸೇನಿ. ಓಣಿ ಮಂದಿ ಬಾಯಿಗೆ ಬಂದಂಗ ಅಂದ್ರು, ನಾನೂ ಬಾಯಿಗೆ ಬಂದಂಗ ಅಂದೆ. ಇದು ನಮ್ಮಂಥ ಮನಿ.

ಎಲ್ಲ ಬಿಡಿಸಿ ಹೇಳೇನಿ ಅಂತೀರಿ. ಕಾಗದ ಓದಿದ ಕೂಡ್ಲೇ ಹೇಣತಿಗೆ ಕೇಳೇನಿ. ನಿಂತ ಕಾಲಮ್ಯಾಲೇ ಕೇಳೇನಿ.

"ಏ, ಮೇಡಂ ಫೋನ್ ಮಾಡಿದ್ರೇನು?"

"ಮಾಡಿದ್ರಲ್ಲ. ಎಂಥಾ ಹೆಣ್ಣುಮಗಳರೀ ಅದು! ಲಿಂಗಾಯತರಾಕಿ, ಆದ್ರ ನಮ್ಮ ದೀನ್-ಧರಮದ ಮಾತು ಹ್ಯಾಂಗ ಬಲ್ಲಳು ನೋಡ್ರಿ."

"ಏನಂದ್ರು ಅದು ಹೇಳು."

"ನಸ್ರೀನಂದು ವಜೀಫಾ ಅದ, ಗುರುವಾರ ಕರಕೊಂಡು ಬರ್ರಿ, ತಪ್ಪಸಬ್ಯಾಡ್ರಿ ಅಂದ್ರು. ತಪ್ಪಸಿಲ್ಲ. ಮಾಡೇನಿ."

"ಎಲ್ಲಿಗೆ ಕರದ್ರು?"

"ಅಫಜಲಪುರ ಅಂದ್ರು. ಅಲ್ಲಿ ಯಾರೋ ಬುಜುರ್ಗ, ಹಿರೇ ಸಂತರು ಇರಬೇಕು, ಆಕಿಗೆ ಗೊತ್ತಿರಬೇಕು. ಆ ಬಿಸಲಾಗ ಅಫಜಲಪುರ ಯಾರು ಹೋಗ್ತಾರ? ವಜೀಫಾ ಎಲ್ಲಿ ಓದಿದ್ರೂ ವಜೀಫಾನ. ಆಳಂದ ದರ್ಗಾಕ್ಕ ಕರಕೊಂಡು ಹೋದೆ. ಅಲ್ಲೇ ಶುರು ಮಾಡಿದೆ. ದಿನಾ ನಸುಕಿನ್ಯಾಗ ಫಜರಿನ ನಮಾಜ ಆದಮ್ಯಾಲ ಓದಾಕತ್ತೇನಿ, ನಿಮಗ ನಿದ್ದಿ. ನಿಮಗೇನು ಗೊತ್ತು?"

ಕೇಳಿದ್ರೇನು? ವಜೀಫಾ ಅಂದ್ರ ಜಪಮಣಿ ಹಿಡಕೊಂಡು ಒಂದೇ ದುವಾ ದಿನಾ ಓದೂದು. ಅದನ್ನ ಮಾಡ್ರಿ ಅಂತ ಹೇಳೀರಿ ನೀವು. ಹುಡುಗಿ ಹೆಸರು ಬಂದದ, ಸ್ಕಾಲರಶಿಪ್ ಅದ, ಸಾಹೇಬ್ರು ಕರದಾರ ಅಂತ ಒಂದು ಮಾತು ಅಂದಿಲ್ಲ. ನಮಗ ದುವಾ ಓದಾಕ ಹಚ್ಚಿ ನೀವು ಆ ಕಡೆ ಬ್ಯಾರೇ ಹುಡುಗಿಗೆ ಕುರ್ಚಿ ಹಾಕೀರಿ. ದುವಾ ನಮಗ ಬರ್ತದ ಮೇಡಂ, ಅದಕ್ಕ ಜೇವರ್ಗಿಯಿಂದ ಫೋನ್ ಬೇಕಿಲ್ಲ.

ಸಿಟ್ಟಿನ್ಯಾಗ ಒತ್ತಿ ಬರದೆ. ಪೆನ್ನು ಹಾಳಿ ಹರೀತು, ನೋಡ್ರಿ. ಇನ್ನೊಂದು ಹಾಳಿ ತಗೊಳ್ಳಂಗಿಲ್ಲ. ಹರಕನ್ನೇ ಕಳಸ್ತೇನಿ.

ರಾಜೇಸಾಬ


ಜೇವರ್ಗಿ
೭ ಜುಲೈ ೨೦೨೫

ಕಾಕಾ,

ಹೇಗೆ ಬರೆಯಲಿ ಅಂತ ತಿಳಿಯದೆ ತಡವಾಯಿತು.

ವಜೀಫಾ ಅಂದೆ, ಹೌದು. ನಾನು ಅಂದದ್ದು ಸ್ಕಾಲರ್‌ಶಿಪ್ಪಿಗೆ.

ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ವಜೀಫಾ ಪಡೆದು ಓದಿದವರು. ಸರ್ಕಾರ ಓದುವ ಹುಡುಗರಿಗೆ ಕೊಡುತ್ತಿದ್ದ ವೇತನಕ್ಕೆ ಆಗ ಹಾಗೇ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅದು ಅಜ್ಜನ ರುಮಾಲಿನಷ್ಟು ಗೌರವದ ಮಾತು. ಚಾಚಿಗೆ ಸ್ಕಾಲರ್‌ಶಿಪ್ ಅಂದರೆ ತಿಳಿಯಲಿಕ್ಕಿಲ್ಲ, ಅವರ ಮಾತಿನಲ್ಲೇ ಹೇಳೋಣ ಅಂದುಕೊಂಡೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅವರು ಅಷ್ಟು ಸಂತೋಷಪಟ್ಟದ್ದು ಕೇಳಿ ಎಲ್ಲ ಮುಟ್ಟಿತು ಅಂದುಕೊಂಡೆ.

ಅದಕ್ಕೆ ಇನ್ನೊಂದು ಅರ್ಥ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಪತ್ರ ಓದಿ ಗೊತ್ತಾಯಿತು.

ಪ್ರತಿಷ್ಠಾನಕ್ಕೆ ಫೋನ್ ಮಾಡಿ ಕೇಳಿದೆ. ಈ ವರ್ಷದ್ದು ಮುಗಿದಿದೆ, ಮುಂದಿನ ವರ್ಷ ಹತ್ತನೆಯಲ್ಲಿ ಇರುವವರಿಗೆ ಮಾತ್ರ ಅಂದರು.

ಭಾಗ್ಯಜ್ಯೋತಿ


ಸರಸಂಬಾ
೧೪ ಜುಲೈ ೨೦೨೫

ಮೇಡಂ,

ಕಾಗದ ಓದಿದೆ. ಮತ್ತ ಓದಿದೆ.

ಸ್ಕಾಲರಶಿಪ್ ಅನ್ನಬೇಕಿತ್ತಲ್ರಿ. ಹಮಾಲರ ಕೂಸು ಸುದ್ದಾ ಸ್ಕಾಲರಶಿಪ್ ಅಂತಾವ. ನಮ್ಮ ಮುದುಕಿಗೆ ಆ ಮಾತು ಬರ್ತದ. ಆಧಾರ್ ಬರ್ತದ, ಪಾಸ್‌ಬುಕ್ ಬರ್ತದ, ರಿಚಾರ್ಜ್ ಬರ್ತದ. ಅದೊಂದು ಮಾತು ಅಂದಿದ್ರ ಬಿಸಲಿರಲಿ ಬೆಂಕಿ ಇರಲಿ, ಚಪ್ಪಲಿ ಬಿಟ್ಟು ಅಫಜಲಪುರಕ್ಕ ಓಡಿ ಬರ್ತಿದ್ಲು. ನಿಮ್ಮ ಅಜ್ಜನ ಅರ್ಥ ನನಗೂ ಗೊತ್ತಿತ್ತು. ನಮ್ಮ ಅಪ್ಪ ಪಿಂಚಣಿಗೂ ವಜೀಫಾ ಅಂತಿದ್ದ. ಈಗ ಯಾರು ಅಂತಾರ? ನನಗೂ ಹೊಳೀಲಿಲ್ಲ. ನಮಗ ತಿಳೀಲಿ ಅಂತ ನೀವು ನಮ್ಮ ಮಾತಿಗೆ ಬಂದ್ರಿ. ನಾವು ಆಗಲೇ ನಿಮ್ಮ ಮಾತಿಗೆ ಬಂದು ಕುಂತಿದ್ದಿವಿ.

ನಿಮ್ಮ ಕಾಗದ ಬಂದಾಗ ಮುದುಕಿ ಅಕ್ಕಿ ಹಸನ ಮಾಡಾಕತ್ತಿದ್ಲು. "ಏನಂದ್ರು ಮೇಡಂ?" ಅಂತ ಕೇಳಿದ್ಲು. "ಸಲಾಂ ಹೇಳ್ಯಾರ" ಅಂದೆ. "ನಂದೂ ಬರೀರಿ" ಅಂದ್ಲು. ಬರದೇನಿ. ಆಕಿಗೆ ಹೇಳಿಲ್ಲ, ಹೇಳೂದಿಲ್ಲ.

ಮೊಹರಂಕ ಜಹೀರುದ್ದೀನ ಬಂದಿದ್ದ. ನಸ್ರೀನಗ ಆಳಂದದಾಗ ಆರ್ಟ್ಸಿಗೆ ಹಚ್ಚಿ ಹೋದ. ಹುಡುಗಿ ಇತಿಹಾಸ ಪುಸ್ತಕಕ್ಕ ರಟ್ಟು ಹಾಕ್ಕೊಂಡು ಕುಂತ್ಲು.

ಜೀನತನೂ ಬಂದಿದ್ಲು. ಆಕಿಗೆ ಅಫಜಲಪುರಕ್ಕ ಕೊಟ್ಟೇನಿ, ನಿಮಗ ಗೊತ್ತದೋ ಇಲ್ಲೋ. ಪೇಪರಿನ ಸುದ್ದಿ ತೆಗದೆ. ಆಕೆ ಅಂದ್ಲು, "ಅಬ್ಬಾ, ಆ ಸೃಷ್ಟಿ ನಮ್ಮ ಹಿಂದಿನ ಓಣ್ಯಾಕಿ. ಭಾಗ್ಯಜ್ಯೋತಿ ಮೇಡಂ ಆಕೆ ಕಾಕು. ಖಾಸ ಅಕ್ಕನ ಮಗಳು."

ಕಾಕು ಅಂತಾರೋ ಮೌಸಿ ಅಂತಾರೋ, ಅಕ್ಕನ ಮಗಳು ಹೌದೋ ಅಲ್ಲೋ?

ಇನ್ನೊಂದು. ಆ ಗುರುವಾರ ದರ್ಗಾದಾಗ ಫೋನ್ ನಸ್ರೀನ ಕೈಯಾಗ ಇತ್ತು. ಸುಮ್ಮ ಕೇಳಿದಂಗ ಮಾಡಿ ಕೇಳೇನಿ. ಬಾರಸಿಲ್ಲ ಅಂತಾಳ.

ಮಾತು ತಪ್ಪಿದ್ದು ಒಂದು. ಅದು ಯಾರಿಗೂ ಆಗ್ತದ. ಬಾಟ್ಲಿ ಬ್ಯಾರೇ. ಎರಡೂ ಕಲಸಿ ನನಗ ಕುಡಸಬ್ಯಾಡ್ರಿ.

ರಾಜೇಸಾಬ


ಜೇವರ್ಗಿ
೨ ಆಗಸ್ಟ್ ೨೦೨೫

ಕಾಕಾ,

ಹೌದು. ಸೃಷ್ಟಿ ನನ್ನ ಅಕ್ಕನ ಮಗಳು.

ಫೋನ್ ಹಚ್ಚಿರಲಿಲ್ಲ. ನಸ್ರೀನ ಹೇಳಿದ್ದು ಸರಿ.

ಸೃಷ್ಟಿಯದು ಬೇರೆ ಪ್ರಯೋಗ ಇತ್ತು, ಮಣ್ಣಿನ ಮಡಕೆಯಲ್ಲಿ ತರಕಾರಿ ತಂಪಾಗಿ ಇಡೋದು. ಪಟ್ಟಿಯಲ್ಲಿ ಎರಡನೇ ಹೆಸರು ಅವಳದೇ. ಅಷ್ಟು ನಿಜ. ಅವತ್ತು ನಸ್ರೀನಳ ಹೆಸರು ಕೂಗಿ ಮುಗಿದ ಮೇಲೆ ಪರೀಕ್ಷಕರು ಮೇಜಿನ ಹತ್ತಿರ ಬಂದರು. ಮಡಕೆ ನೋಡಲಿಲ್ಲ. ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು, "ಇದು ಚೆನ್ನಾಗಿದೆ, ಯಾರು ವಿವರಿಸುತ್ತೀರಿ?" ಅಂದರು. ರಜೆಯಲ್ಲಿ ನಾನು ಅಕ್ಕನ ಮನೆಯಲ್ಲೇ ಇದ್ದೆ. ಬಾಟ್ಲಿಗಳೂ ಅಲ್ಲೇ ಇದ್ದವು. ಸೃಷ್ಟಿಗೆ ಎಲ್ಲ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಅವಳು ಹೇಳಿದಳು. ಚೆನ್ನಾಗಿ ಹೇಳಿದಳು. ಮಾರ್ಗದರ್ಶನ ಯಾರದು ಅಂದರು. ನನ್ನದು ಅಂದೆ.

ಅವಳ ಅಪ್ಪ ತೀರಿಹೋಗಿ ಬಹಳ ದಿನ ಆಗಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಪ್ರತಿಷ್ಠಾನಕ್ಕೆ ಇದನ್ನೆಲ್ಲ ಬರೆದು ಕಳಿಸಬಹುದು. ಬರೆದರೆ ಅವಳದು ಹೋಗುತ್ತದೆ. ನಸ್ರೀನಳಿಗೆ ಸಿಗುತ್ತದೆ ಅಂತ ಹೇಳಲಾರೆ. ನನ್ನ ಶಾಲು ಫಲಕ ಹೇಗೂ ವಾಪಸ್ ಮಾಡುತ್ತೇನೆ. ನೀವು ಬರಿ ಅಂದರೆ ಬರೆಯುತ್ತೇನೆ, ಬೇಡ ಅಂದರೆ ಸುಮ್ಮನಿರುತ್ತೇನೆ. ಸರಸಂಬಾಕ್ಕೆ ಬಂದು ಚಾಚಿಯ ಮುಂದೆ ಕೂತು ಎಲ್ಲ ಹೇಳಬೇಕು ಅಂತಲೂ ಇದೆ. ನಿಮ್ಮ ಒಪ್ಪಿಗೆ ಕೇಳುತ್ತಿದ್ದೇನೆ.

ಭಾಗ್ಯಜ್ಯೋತಿ


ಸರಸಂಬಾ
೧೩ ಆಗಸ್ಟ್ ೨೦೨೫

ಮೇಡಂ,

ಬರಬ್ಯಾಡ್ರಿ. ನೀವು ಅತ್ತು ಹಗೂರ ಆಗಿ ಜೇವರ್ಗಿ ಬಸ್ ಹತ್ತತೀರಿ. ಆಮ್ಯಾಲ ಆಕೆ ಜೋಡಿ ಮನ್ಯಾಗ ಇರೂದು ನಾನು. ಆಕೆ ಫಜರಿಗೆ ಎದ್ದು ಓದೂದು ಬಿಟ್ಟಿಲ್ಲ. ತನ್ನಿಂದಲೇ ಕೂಸಿನ ಕೆಲಸ ಕೆಟ್ಟಿತು ಅಂತ ಆಕೆಗೆ ಗೊತ್ತಾದ್ರ ಆ ಮಣಿ ಮತ್ತ ಮುಟ್ಟಂಗಿಲ್ಲ. ನಾ ನಮಾಜಿಗೆ ಅಷ್ಟಕ್ಕಷ್ಟ ಮನಷ್ಯಾ, ಆದ್ರ ಆಕೆದು ಕಸಗೊಳ್ಳಾಕ ನಾವ್ಯಾರು?

ಶಾಲು ಇಟ್ಕೋರಿ, ಕೊಡ್ರಿ, ಅದು ನಿಮ್ಮದು. ನೀವು ವಾಪಸ್ ಕೊಟ್ರ ನಮ್ಮ ಹುಡುಗಿ ಹೊದ್ಕೊಳ್ಳಂಗಿಲ್ಲ.

ಬರೀಲೋ ಬ್ಯಾಡೋ ಅಂತ ನನಗ ಕೇಳೀರಿ. ಪೂರಾ ಭಾರ ನನ್ನ ಹೆಗಲಿಗೆ. ಹೊತ್ತು ರೂಢಿ ಅದ, ಹೊತ್ತೆ. ಆದ್ರ ಮಾಲು ನಂದಲ್ಲ, ಹುಡುಗಿದು. ಅದಕ್ಕ ಸೋಮವಾರ ಕಾಲೇಜಿಗೆ ಹೊಂಟಾಗ ಬಸ್ ನಿಲ್ಲೋ ಜಾಗಾದ ತನಕ ಜೋಡಿ ಹೋದೆ. ಹಾದಿಯಾಗ ಎಲ್ಲಾ ಹೇಳಿದೆ. ವಜೀಫಾದ್ದು, ಅಫಜಲಪುರದ್ದು, ಬಾಟ್ಲಿದು, ನಿಮ್ಮ ಅಕ್ಕನ ಮಗಳದು.

ಅಳ್ತಾಳ ಅಂತ ಅಂದ್ಕೊಂಡಿದ್ದೆ. ಟಾವೆಲ್ ಹೆಗಲಮ್ಯಾಲ ಹಾಕ್ಕೊಂಡು ಹೋಗಿದ್ದೆ ಅದಕ್ಕ.

"ಆ ಗುರುವಾರನಾ ದಾದಾ?" ಅಂದ್ಲು.

"ಹೌದು."

"ಅವತ್ತ ದರ್ಗಾದಾಗ ದಾದಿ ನನಗ ಕಲ್ಲಂಗಡಿ ಕೊಡಸಿದ್ಲು. ಭಾಳ ಸಿಹಿ ಇತ್ತು."

ಅಷ್ಟರಾಗ ಬಸ್ ಬಂತು. ಹತ್ತಿದ್ಲು. ಕಿಟಕಿದಾಗ ಕೈ ಮಾಡಿದ್ಲು, ದಿನಾ ಮಾಡಿದಂಗ.

ಸಂಜಿಕ ದನದ ಮುಂದ ಮೇವು ಹಾಕಾಕತ್ತಿದ್ದೆ. ಹಿಂದ ಬಂದು ನಿಂತ್ಲು. "ದಾದಾ, ಬರೀಲಿ ಅನ್ನು. ಸ್ಕಾಲರಶಿಪ್ ಬರ್ತದೋ ಬಿಡ್ತದೋ. ಬಾಟ್ಲಿ ನಂದವು" ಅಂದ್ಲು. ಆಮ್ಯಾಲ ದಾದಿಗೆ ಹೇಳಬ್ಯಾಡ ಅಂದ್ಲು. ನಾ ಹೇಳಿಕೊಟ್ಟಿದ್ದಿಲ್ಲ ಅದನ್ನ.

ಬರೀರಿ.

ರಾಜೇಸಾಬ


ಜೇವರ್ಗಿ
೨೦ ನವೆಂಬರ್ ೨೦೨೫

ಕಾಕಾ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ ಬರೆಯುವಂಥದ್ದು ಏನೂ ಆಗಿರಲಿಲ್ಲ. ಈಗ ಆಗಿದೆ.

ಪ್ರತಿಷ್ಠಾನಕ್ಕೆ ಆಗಸ್ಟ್‌ನಲ್ಲೇ ಎಲ್ಲ ಬರೆದೆ. ಒಂದು ಸಲ ಅಫಜಲಪುರಕ್ಕೆ ಕರೆಸಿದರು. ಕೇಳಿದ್ದಕ್ಕೆಲ್ಲ ಹೌದು ಅಂದೆ. ಸೃಷ್ಟಿಯ ಸ್ಕಾಲರ್‌ಶಿಪ್ ನಿಲ್ಲಿಸಿದ್ದಾರೆ. ಅವಳು ಕಲಬುರಗಿಯ ಹಾಸ್ಟೆಲ್ ಬಿಟ್ಟು ಅಫಜಲಪುರದಲ್ಲೇ ಕಾಲೇಜಿಗೆ ಹೋಗುತ್ತಿದ್ದಾಳೆ. ಅಕ್ಕ ನನ್ನ ಜೊತೆ ಮಾತಾಡೋದಿಲ್ಲ. ದೀಪಾವಳಿಗೆ ನಾನು ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಶಾಲು ಫಲಕ ಕೊಟ್ಟು ಬಂದೆ. ಗುಮಾಸ್ತ ರಸೀದಿ ಬೇಕಾ ಅಂತ ಕೇಳಿದ. ಬೇಡ ಅಂದೆ.

ನಸ್ರೀನಳ ಬಗ್ಗೆ ಕೇಳಿದೆ. ಸಂದರ್ಶನಕ್ಕೆ ಹಾಜರಾಗದವರ ಹೆಸರು ಪರಿಗಣಿಸಲಿಕ್ಕೆ ನಿಯಮ ಇಲ್ಲವಂತೆ. ಮಾತಿನ ಗೊಂದಲ ಆಯಿತು ಅಂತ ಬಿಡಿಸಿ ಹೇಳಿದೆ. ಒಬ್ಬರು ನಕ್ಕರು. ಕೆಟ್ಟದ್ದಕ್ಕೆ ನಕ್ಕಿದ್ದಲ್ಲ. ಯಾರಾದರೂ ನಗುತ್ತಾರೆ. ಈ ವರ್ಷ ಆ ಸ್ಥಾನ ಖಾಲಿ ಇರುತ್ತದೆ.

ಅವರು ಮಾಡಿದ್ದು ಒಂದೇ. ವರ್ಷಕ್ಕೊಮ್ಮೆ ತರುವ ಪುಸ್ತಿಕೆಯಲ್ಲಿ ತೊಗರಿ ಪ್ರಯೋಗವನ್ನು ನಸ್ರೀನಳ ಹೆಸರಲ್ಲಿ ಹಾಕಿದ್ದಾರೆ. ಊರು, ಶಾಲೆ, ಹೆಸರು ಎಲ್ಲ ಇದೆ. ಒಂದು ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಬಾಟ್ಲಿಗಳನ್ನು ಜೀನತ ಅವರ ಮನೆಗೆ ಮುಟ್ಟಿಸಿದ್ದೇನೆ.

ಶಾಲೆಯಲ್ಲಿ ಈ ವರ್ಷ ಪ್ರಯೋಗಕ್ಕೆ ಯಾರನ್ನೂ ಹಚ್ಚಿಲ್ಲ. ಪಾಠ ಮಾಡುತ್ತೇನೆ, ಮನೆಗೆ ಬರುತ್ತೇನೆ.

ಭಾಗ್ಯಜ್ಯೋತಿ


ಸರಸಂಬಾ
೫ ಡಿಸೆಂಬರ್ ೨೦೨೫

ಮೇಡಂ,

ಪುಸ್ತಿಕಿ ಬಂತು. ಕಾಗದಾನೂ ಬಂತು.

ನಿಮ್ಮ ಅಕ್ಕನ ಮಗಳದು ಕೇಳಿ ನನಗ ಖುಷಿ ಆಗ್ತದ ಅಂದ್ಕೊಂಡಿದ್ದೆ. ಆಗ್ಲಿಲ್ಲ. ದುಃಖಾನೂ ಆಗ್ಲಿಲ್ಲ. ಹಂಗೇ ಓದಿ ಮಡಚಿಟ್ಟೆ. ನನ್ನ ಸಿಟ್ಟು ಆಳಂದ ಬಜಾರಕ್ಕೆಲ್ಲ ಗೊತ್ತದ. ಅಡತಿ ಸಾಹುಕಾರ ಸುದ್ದಾ ನನ್ನ ಮುಖ ನೋಡಿ ಮಾತು ತೆಗೀತಾನ. ಈಗ ಆ ಸಿಟ್ಟು ಬರವಲ್ದು. ಬರ್ಲಿ ಅಂತ ಕುಂತು ನೋಡಿದೆ. ನಿನ್ನೆ ಅಂಗಡಿದಾಗ ಒಬ್ಬ ತೂಕದಾಗ ಕೈ ಮಾಡಿದ. ನೋಡಿದೆ, ಸುಮ್ಮ ಬಿಟ್ಟೆ. ಹಮಾಲರು ನನಗ ಜ್ವರ ಬಂದದೇನು ಅಂತ ಕೇಳಿದ್ರು.

ಹುಡುಗಿ ಕಾಲೇಜಿಂದ ಬಂದಮ್ಯಾಲ ಪುಸ್ತಿಕಿ ಕೊಟ್ಟೆ. ನಿಂತು ಓದಿದ್ಲು, ಚೀಲ ಹೆಗಲಮ್ಯಾಲೇ ಇತ್ತು. ಕರೀಮುನ್ನಿಸಾ ಬಂದು ಇಣಿಕಿ ನೋಡಿದ್ಲು. ಆಕಿಗೆ ಓದಾಕ ಬರಂಗಿಲ್ಲ, ಹೆಸರು ಎಲ್ಲಿ ಅದ ತೋರಸು ಅಂದ್ಲು. ನಸ್ರೀನ ಬಟ್ಟು ಇಟ್ಟು ತೋರಿಸಿದ್ಲು. ಮುದುಕಿ ಆ ಬಟ್ಟಿನ ಜಾಗಾಕ್ಕ ಮುತ್ತು ಕೊಟ್ಟು, ಶಕ್ಕರಿ ತರತೇನಿ ಅಂತ ಒಳಗ ಹೋದ್ಲು.

ಆಕೆ ಆ ಕಡೆ ಹೋದ ಕೂಡ್ಲೇ ನಸ್ರೀನ ಅಂದ್ಲು, "ದಾದಾ, ಇದರಾಗ ತಪ್ಪದ."

"ಏನು ತಪ್ಪು?"

"ಕೆಮ್ಮಣ್ಣು ಕಟ್ಟಿದ ತೊಗರಿಗೆ ಹುಳ ಕಡಿಮಿ ಹತ್ತಿದ್ದವು. ಬೂದಿದಾಗ ಜಾಸ್ತಿ. ಇವರು ಉಲ್ಟಾ ಮಾಡ್ಯಾರ. ಬೂದಿದು ಮಣ್ಣಿಗೆ, ಮಣ್ಣಿಂದು ಬೂದಿಗೆ."

"ಮೇಡಂಗ ಬರೀಲೇನು? ತಿದ್ದಸ್ತಾರ."

"ಬ್ಯಾಡ."

"ಯಾಕ ಬ್ಯಾಡ? ತಪ್ಪಲ್ಲೇನು?"

"ಇರ್ಲಿ ಬಿಡು ದಾದಾ. ಯಾರು ನೋಡ್ತಾರ."

ಮೇಡಂ, ಈ ಹುಡುಗಿ ಹೋದ ವರ್ಷ ಒಂದು ಕಾಳಿನ ಸಲುವಾಗಿ ನನ್ನ ಜೋಡಿ ಜಗಳ ಆಡ್ಯಾಳ. ನಾ ಕಾಳಿನ್ಯಾಗ ತೂತು ಅದ ಅಂದೆ, ಆಕೆ ಅದು ತೂತಲ್ಲ, ಬರೇ ಕರೀ ಕಲಿ ಅಂದ್ಲು. ಹೊರಗ ಬಿಸಲಿಗೆ ಎಳಕೊಂಡು ಹೋಗಿ ಕಣ್ಣಿಗೆ ಹಿಡದು ತೋರಿಸಿದ್ಲು. ಒಪ್ಪಿದೆ ಅನ್ನೂ ತನಕ ಬಿಡ್ಲಿಲ್ಲ, ಚಾ ಕೊಡ್ಲಿಲ್ಲ. ಆ ಹುಡುಗಿ ಇರ್ಲಿ ಬಿಡು ಅಂದ್ಲು. ಅಂದು ಚೀಲ ಗೂಟಕ್ಕ ಹಾಕಿ ದಾದಿ ಕೊಟ್ಟ ಶಕ್ಕರಿ ತಿಂದ್ಲು.

ಹುಡುಗಿದು ಸ್ಕಾಲರಶಿಪ್ ಹೋದಾಗ ಏನು ಹೋಯ್ತು ಅಂತ ನನಗ ಅವತ್ತ ಗೊತ್ತಾಗಿದ್ದಿಲ್ಲ. ಈಗ ಗೊತ್ತಾಯ್ತು.

ನೀವು ಮತ್ತ ಅಫಜಲಪುರಕ್ಕ ಹೋಗ್ರಿ. ನಿಮಗ ಅಲ್ಲಿ ಮಾರಿ ತೋರ್ಸಾಕ ಆಗಂಗಿಲ್ಲ ಅಂತ ನನಗ ಗೊತ್ತದ. ಆದ್ರೂ ಹೋಗ್ರಿ. ಆ ಗುಮಾಸ್ತನ ಮುಂದ ಕುಂಡ್ರಿ. ಬೂದಿದಾಗ ಜಾಸ್ತಿ, ಕೆಮ್ಮಣ್ಣಾಗ ಕಡಿಮಿ. ಹಂಗ ಬರಸ್ರಿ. ಹೊಸಾದು ಅಚ್ಚು ಹಾಕಂಗಿಲ್ಲ ಅಂದ್ರ ಇದ್ದದ್ದರ ಮ್ಯಾಲ ಚೀಟಿ ಹಚ್ಚಲಿ, ಎಲ್ಲಾದಕ್ಕೂ ಹಚ್ಚಲಿ. ಆಗಂಗಿಲ್ಲ ಅಂದ್ರ ನನಗ ಬರೀರಿ, ನಾ ಬರ್ತೇನಿ.

ಆಕೆ ಬ್ಯಾಡ ಅಂದಾಳ. ನಾ ಬರದೇನಿ ಅಂತ ಆಕಿಗೆ ಗೊತ್ತಿಲ್ಲ. ತಿದ್ದಿದ್ದು ಬಂದಮ್ಯಾಲ ಆಕೆ ಹೆಸರಿಗೆ ಕಳಸ್ರಿ, ನನ್ನ ಹೆಸರಿಗೆ ಬ್ಯಾಡ. ಆಕೆ ತಾನೇ ಒಡೀಲಿ.

ರಾಜೇಸಾಬ